ಅಗೆದ ಮೇಲೆ ಉಳಿಯುವುದು ದಾಖಲೆ ಮಾತ್ರ

ಪುರಾತತ್ವ ಉತ್ಖನನದ ಫೋಟೋ, ನಕ್ಷೆ, ಟಿಪ್ಪಣಿಗಳ ಡಿಜಿಟಲ್ ಫೈಲುಗಳನ್ನೆಲ್ಲ ಕಾಪಾಡೋಕೆ ಅಷ್ಟು ಖರ್ಚು ಯಾಕೆ ಅಂತ ಕೇಳುವವರಿಗೆ ನಾನು ನಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲನ್ನು ತೋರಿಸುತ್ತೇನೆ. ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ಗುಡ್ಡಗಳು ಅವು. 1940ರ ದಶಕದಲ್ಲಿ ಪುರಾತತ್ವಜ್ಞ ಬಿ. ಸುಬ್ಬರಾವ್ ಅಲ್ಲಿ ಅಗೆದರು, 1964-65ರಲ್ಲಿ ಮತ್ತೆ ಅಗೆತ ನಡೆಯಿತು, ಆಮೇಲೆ ಕಲ್ಲು ಗಣಿಗಾರಿಕೆ ಗುಡ್ಡದ ಒಂದಷ್ಟು ಭಾಗವನ್ನೇ ನುಂಗಿತು. ಒಮ್ಮೆ ಅಗೆದ ಮಣ್ಣಿನ ಪದರವನ್ನು ಮತ್ತೆ ಅಗೆಯಲು ಆಗುವುದಿಲ್ಲ, ಅಲ್ವಾ?

ಖರ್ಚು ನಿಜ. ಆದರೆ ಹಾರ್ಡ್ ಡಿಸ್ಕಿಗಿಂತ ಜಾಸ್ತಿ ಹಣ ಹೋಗುವುದು ಜನರ ಕೆಲಸಕ್ಕೆ. ಯಾವ ಫೋಟೋ ಯಾವ ಗುಂಡಿಯದು, ಯಾವ ಪದರದ್ದು ಅಂತ ಬರೆದಿಡಬೇಕು, ಹಳೇ ಸಾಫ್ಟ್‌ವೇರಿನ ನಕ್ಷೆಗಳನ್ನು ಇವತ್ತು ತೆರೆಯುವ ಹಾಗೆ ಬದಲಿಸಬೇಕು, ಕೆಲವು ವರ್ಷ ಕಳೆದ ಮೇಲೆ ಅದನ್ನೇ ಮತ್ತೆ ಮಾಡಬೇಕು. ಬ್ರಿಟನ್ನಿನ ಯಾರ್ಕ್‌ನಲ್ಲಿ 1996ರಲ್ಲಿ ಶುರುವಾದ ಆರ್ಕಿಯಾಲಜಿ ಡೇಟಾ ಸರ್ವಿಸ್ ಎಂಬ ಪುರಾತತ್ವ ದಾಖಲೆಗಳ ಡಿಜಿಟಲ್ ಭಂಡಾರ ಫೈಲು ಒಪ್ಪಿಸುವವರಿಂದ ಶುಲ್ಕ ಪಡೆಯುತ್ತದೆ, ಓದುವವರಿಗೆ ಪುಕ್ಕಟೆ. ಇದು ನನಗೆ ಸರಿ ಅನಿಸುತ್ತದೆ. ಅಗೆತದ ಬಜೆಟ್ಟಿನಲ್ಲೇ ಈ ದುಡ್ಡು ಇರಬೇಕು.

ಎಲ್ಲವನ್ನೂ ಇಡಬೇಕಿಲ್ಲ. ಒಂದೇ ಕಲ್ಲಿನ ಹತ್ತು ಮಸುಕು ಫೋಟೋ ಹೋಗಲಿ. ಪದರದ ಟಿಪ್ಪಣಿ, ಅಳತೆ, ನಕ್ಷೆ ಮಾತ್ರ ಹೋಗಬಾರದು. ನಾಳೆ ನಮ್ಮ ಕಡೆಯ ವಿದ್ಯಾರ್ಥಿಯೊಬ್ಬಳು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಶಿಲಾಸಮಾಧಿಗಳ ಬಗ್ಗೆ ಕೆಲಸ ಮಾಡಿದರೆ, ಹಿಂದಿನವರ ಅಳತೆಗಳನ್ನು ಯಾರ ಕೈಕಾಲೂ ಹಿಡಿಯದೆ ಮನೆಯಲ್ಲೇ ತೆರೆದು ನೋಡುವಂತಿರಬೇಕು.