ಅಗಸೆ ಎಣ್ಣೆಯ ಬಾಟಲಿ, ಅಗಸಿ ಹಿಂಡಿಯ ಡಬ್ಬಿ

ದಿನಾಲೂ ಬೆಳಿಗ್ಗೆ ಒಂದು ದೊಡ್ಡ ಚಮಚ ಅಗಸೆ ಎಣ್ಣೆ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆಂದು ವಾಯುವಿಹಾರದ ಗೆಳೆಯರೊಬ್ಬರು ಹೇಳಿದ್ದನ್ನು ನಂಬಿ, ಕಳೆದ ವರ್ಷ ನಾನೂ ಗಾಣದ ಎಣ್ಣೆಯ ಬಾಟಲಿಯೊಂದನ್ನು ತಂದಿದ್ದೆ. ಮಾತ್ರೆಗಳ ಜೊತೆಗೆ ಮೂರು ತಿಂಗಳು ತಪ್ಪದೆ ಕುಡಿದ ಮೇಲೆ ಮಾಡಿಸಿದ, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಹಿಂದಿನ 7.6 ಹಾಗೆಯೇ ಕುಳಿತಿತ್ತು.

ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಲ್ಫಾ ಲಿನೊಲೆನಿಕ್ ಆಮ್ಲವೆಂಬ ಒಮೆಗಾ-3 ಕೊಬ್ಬು ಇರುವುದು ನಿಜ. ಮೀನು ತಿನ್ನದ ನಮ್ಮಂಥವರಿಗೆ ಅದು ಬೇಕಾದದ್ದೇ ಆದರೂ, ಮೀನೆಣ್ಣೆಯಲ್ಲಿ ನೇರವಾಗಿ ಸಿಗುವ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳಾಗಿ ದೇಹದಲ್ಲಿ ಮಾರ್ಪಡುವುದು ಅದರ ತೀರ ಸಣ್ಣ ಭಾಗ ಮಾತ್ರ. ಸಕ್ಕರೆಯ ಮಾತೇ ಬೇರೆ: 25 ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ರಕ್ತದ ಸಕ್ಕರೆ ಇಳಿದದ್ದು ಎಣ್ಣೆ ತೆಗೆಯದೆ ಬೀಜವನ್ನೇ ತಿಂದವರಲ್ಲಿ, ಎಣ್ಣೆ ಸೇವಿಸಿದವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅಗಸೆಯನ್ನು ನೀರಿನಲ್ಲಿ ನೆನೆಸಿದವರಿಗೆ ಅದು ಬಿಡುವ ಲೋಳೆ ಗೊತ್ತಿರುತ್ತದೆ. ಉಂಡ ಅನ್ನದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುವ ನಾರು ಅದೇ. ಗಾಣದಲ್ಲಿ ಎಣ್ಣೆ ಬಾಟಲಿಗೆ ಇಳಿದರೆ ಈ ನಾರು ಹಿಂಡಿಯಲ್ಲಿ ಉಳಿದು ಎಮ್ಮೆಯ ಪಾಲಾಗುತ್ತದೆ.

ನಮ್ಮ ಧಾರವಾಡದ ಕಡೆ ಹಿಂಡಿ ಎಂದರೆ ಇನ್ನೊಂದು ಅರ್ಥವೂ ಇದೆ. ಹಿಂಗಾರಿ ಬೆಳೆಯ ನಡುವೆ ನೀಲಿ ಹೂ ಬಿಡುವ ಅಗಸೆಯ ಬೀಜವನ್ನು ಅವ್ವ ಚಟಪಟ ಸಿಡಿಯುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟುತ್ತಿದ್ದಳು. ರೊಟ್ಟಿಯ ಮಗ್ಗುಲಲ್ಲಿ ಆ ಅಗಸಿ ಹಿಂಡಿ, ಮೇಲೊಂದಿಷ್ಟು ಮೊಸರು. ಕುಟ್ಟದ ಬೀಜ ಅರಗದೆ ಹಾಗೆಯೇ ಹೊರಬೀಳುವುದರಿಂದ ಕುಟ್ಟಲೇಬೇಕೆಂಬುದು ಅವಳಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಈಗ ನಾನು ದಿನಕ್ಕೆ ಒಂದೆರಡು ಚಮಚ ಈ ಪುಡಿಯನ್ನೇ ತಿನ್ನುತ್ತೇನೆ, ನೀರನ್ನೂ ಧಾರಾಳವಾಗಿ ಕುಡಿಯುತ್ತೇನೆ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಒಂದು ದಿನವೂ ಬಿಟ್ಟಿಲ್ಲ.

ಎಣ್ಣೆಯನ್ನೇ ಬಯಸುವವರು ದೊಡ್ಡ ಚಮಚವೊಂದರಲ್ಲಿ ಸುಮಾರು 120 ಕ್ಯಾಲೊರಿ ಇರುವುದನ್ನು ಲೆಕ್ಕಕ್ಕೆ ಹಿಡಿದು, ಅಡುಗೆಯ ಎಣ್ಣೆಯನ್ನು ಅಷ್ಟು ಕಡಿಮೆ ಮಾಡಿಕೊಳ್ಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು. ಈ ಎಣ್ಣೆಯನ್ನು ಒಗ್ಗರಣೆಗೆ ಕಾಯಿಸಬಾರದು, ಬಾಟಲಿಯನ್ನು ಫ್ರಿಜ್ಜಿನಲ್ಲೇ ಇಡಬೇಕು. ಗಾಳಿ ತಗುಲಿದರೆ ಗಟ್ಟಿಯಾಗುವ ಗುಣದಿಂದಲೇ ಅದು ಬಣ್ಣಕ್ಕೂ ಮರದ ಪಾಲಿಶಿಗೂ ಒದಗಿ ಬಂದದ್ದು. ನಾನು ಕೊನೆಗೆ ತಂದ ಬಾಟಲಿ ಒಲೆಯ ಪಕ್ಕದಲ್ಲಿದ್ದು, ತಿಂಗಳೊಪ್ಪತ್ತಿನಲ್ಲಿ ಹೊಸದಾಗಿ ಪಾಲಿಶ್ ಮಾಡಿದ ಬಾಗಿಲಿನ ವಾಸನೆ ಹೊಡೆಯತೊಡಗಿತು. ಉಳಿದ ಎಣ್ಣೆಯನ್ನು ಮಗ ತನ್ನ ಕ್ರಿಕೆಟ್ ಬ್ಯಾಟಿಗೆ ಸವರಿಕೊಂಡ.