ಲಕ್ಷ್ಮಿಗೆ ಡಬ್ಬದ ಹಾಲು

"ಅಮ್ಮಾ, ಲಕ್ಷ್ಮಿಗೆ ಡಬ್ಬದ ಹಾಲು ಕೊಟ್ರೆ ಬೇಜಾರಾಗಲ್ವಾ?"

ಕಳಶದ ಸೀರೆಗೆ ನೆರಿಗೆ ಹಿಡಿಯುತ್ತಿದ್ದೆ. ಬಾಯಲ್ಲಿ ಪಿನ್ನಿತ್ತು, ಉತ್ತರ ಕೊಡದೇ ಇರೋಕೆ ಒಳ್ಳೇ ನೆಪ.

ದುಬೈನಲ್ಲಿ ಮೊದಲು ಶುಕ್ರವಾರವೇ ವಾರದ ರಜೆ. ವರಮಹಾಲಕ್ಷ್ಮಿ ವ್ರತಕ್ಕೆ ಹೇಳಿ ಮಾಡಿಸಿದ ಹಾಗಿತ್ತು. 2022ರಲ್ಲಿ ರಜೆ ಶನಿವಾರ, ಭಾನುವಾರಕ್ಕೆ ಹೋಯಿತು. ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನವಾದರೂ ಇದೆ, ನಮ್ಮ ಆಫೀಸಿಗೆ ಅದೂ ಇಲ್ಲ. ಹಾಗಾಗಿ ಎಲ್ಲ ಕೆಲಸ ಬೆಳಗಿನ ಜಾವಕ್ಕೇ. ಬಾಳೆಕಂದು, ಮಾವಿನೆಲೆ, ತಾವರೆ ಎಲ್ಲ ಬರ್ ದುಬೈನಲ್ಲಿ ಸಿಕ್ಕಿತ್ತು. ಸಿಗದೇ ಇದ್ದದ್ದು ಒಂದೇ, ಸಣ್ಣ ಉರಿಯಲ್ಲಿ ಕಾಸಿ ಕಾಸಿ ಅರ್ಧಕ್ಕಿಳಿಸಿದ ಹಾಲು. ಹಾಲು ಬೇಕಾದಷ್ಟು ಇದೆ, ಕಾಸೋಕೆ ಹೊತ್ತಿಲ್ಲ.

ಹಿಂದಿನ ರಾತ್ರಿ ಲಿಫ್ಟಿನಲ್ಲಿ ಇದನ್ನೇ ಗೊಣಗಿದ್ದೆ. ಪಕ್ಕದ ಮನೆಯ ಮಲಯಾಳಿ ಚೇಚಿ ಹತ್ತೇ ನಿಮಿಷದಲ್ಲಿ ಎರಡು ಡಬ್ಬ ಹಿಡಿದು ಬಂದರು. ಒಂದು ಮಿಲ್ಕ್‌ಮೇಡ್, ಅಂದರೆ ಸಕ್ಕರೆ ಹಾಕಿದ ಕಂಡೆನ್ಸ್ಡ್ ಹಾಲು, ಅವರ ಓಣಂ ಪಾಯಸದ್ದು. ಇನ್ನೊಂದು ರೇನ್‌ಬೋ, ಇಲ್ಲಿಯ ಕರಕ್ ಚಹಾಕ್ಕೆ ಹಾಕುವ ಎವಾಪೊರೇಟೆಡ್ ಹಾಲು. "ಬೆಲ್ಲದ ಪಾಯಸವಾದರೆ ಇದು, ಸಕ್ಕರೆಯದಾದರೆ ಅದು" ಅಂದು, ಎರಡನ್ನೂ ಇಟ್ಟು ಹೋದರು.

ಎರಡೂ ನೀರು ಇಂಗಿಸಿದ ಹಾಲೇ. ಎವಾಪೊರೇಟೆಡ್‌ನಲ್ಲಿ ಶೇ. 60ರಷ್ಟು ನೀರು ತೆಗೆದು, ಸಕ್ಕರೆ ಹಾಕದೆ, ಡಬ್ಬದ ಸಮೇತ ಕಾಯಿಸಿರುತ್ತಾರೆ. ಅಷ್ಟೇ ನೀರು ಬೆರೆಸಿದರೆ ಮತ್ತೆ ಮಾಮೂಲಿ ಹಾಲು. ಕಂಡೆನ್ಸ್ಡ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಸಕ್ಕರೆ. ಅದು ಕೆಡದೇ ಇರೋದೂ ಆ ಸಕ್ಕರೆಯಿಂದಲೇ. ಶಾವಿಗೆ ಪಾಯಸಕ್ಕೆ, ಬರ್ಫಿಗೆ ಸರಿ. ಆದರೆ ಸಿಹಿ ಎಷ್ಟಿರಬೇಕು ಅಂತ ಡಬ್ಬವೇ ತೀರ್ಮಾನ ಮಾಡಿಬಿಟ್ಟಿರುತ್ತೆ. ಕಡಲೆಬೇಳೆ ಪಾಯಸಕ್ಕೆ ಅದನ್ನು ಸುರಿದರೆ ಬೆಲ್ಲದ ರುಚಿ ಎಲ್ಲಿ ಹೋಯ್ತು ಅಂತ ಹುಡುಕಬೇಕು. ಎವಾಪೊರೇಟೆಡ್ ಹಾಲಿಗೆ ಸಾಮಾನ್ಯವಾಗಿ ಒಂಚೂರು ಫಾಸ್ಫೇಟ್ ಲವಣ ಸೇರಿಸಿರುತ್ತಾರೆ, ಅದಕ್ಕೇ ಬೆಲ್ಲಕ್ಕೆ ಬೇಗ ಒಡೆಯಲ್ಲ. ಆದರೂ ನಾನು ಒಲೆ ಆರಿಸಿ, ಕುದಿ ನಿಂತ ಮೇಲೇ ಹಾಕಿದೆ. ಹಬ್ಬದ ದಿನ ಧೈರ್ಯ ಜಾಸ್ತಿ ಇರಬಾರದು.

ಡಬ್ಬ ತೆರೆದಾಗ ಹಾಲು ಬಿಳಿ ಇರಲಿಲ್ಲ, ಕೆನೆಬಣ್ಣ. ಡಬ್ಬದಲ್ಲೇ ಬೆಂದದ್ದಕ್ಕೋ ಏನೋ, ಒಂಥರಾ ಕಾದ ವಾಸನೆ. ಆ ವಾಸನೆ ನನಗೆ ಗೊತ್ತು. ಅಮ್ಮ ಹಬ್ಬದ ದಿನ ಹಾಲಿನ ಪಾತ್ರೆ ಬಿಟ್ಟು ಅಲುಗುತ್ತಿರಲಿಲ್ಲ. ಅಂಚಿಗೆ ಅಂಟಿದ ಕೆನೆಯನ್ನು ಸೌಟಿನ ಬೆನ್ನಲ್ಲಿ ಕೆರೆದು ಮತ್ತೆ ಹಾಲಿಗೇ ಬಿಡೋಳು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸೋಳು. ನಾವು ಹೊಸ ಬಟ್ಟೆ ಹಾಕಿಕೊಂಡು ನಡುಮನೆಯಿಂದ "ಆಯ್ತಾ?" ಅಂತ ಕೂಗುತ್ತಿದ್ದೆವು. ಸೌಟು ಕೊಡು, ಸ್ವಲ್ಪ ಹೊತ್ತು ಕೂತ್ಕೋ ಅಂದ ನೆನಪು ಒಂದೂ ಇಲ್ಲ.

ಸಂಜೆ ಅರಿಶಿನ ಕುಂಕುಮಕ್ಕೆ ಮನೆ ತುಂಬಿತು. ಚೇಚಿ ಎರಡನೇ ಸಲ ಪಾಯಸ ಹಾಕಿಸಿಕೊಂಡರು. ಮಗಳು ದೋರ ತೋರಿಸಿಕೊಂಡು ಓಡಾಡಿದಳು. ಎಲ್ಲ ಹೋದ ಮೇಲೆ ಊರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಹೊತ್ತಾಗಿತ್ತು, ಅಮ್ಮ ಎದ್ದೇ ಇದ್ದಳು. ಅಲಂಕಾರ ನೋಡಿ ಸೀರೆ ಚೆನ್ನಾಗಿ ಉಡಿಸಿದ್ದೀಯ ಅಂದಳು. ಡಬ್ಬದ ಹಾಲಿನ ವಿಷಯ ಹೇಳೋಕೆ ಸಂಕೋಚವಾಯಿತು. ಆದರೂ ಹೇಳಿದೆ.

"ಅಯ್ಯೋ, ನಾನೂ ಈಗ ಮಿಲ್ಕ್‌ಮೇಡೇ ಹಾಕೋದು. ಅಷ್ಟು ಹೊತ್ತು ನಿಲ್ಲೋಕೆ ಮಂಡಿ ಎಲ್ಲಿ ಬಿಡುತ್ತೆ?" ಅಂದಳು. ಆಮೇಲೆ, "ಅರ್ಧ ಡಬ್ಬ ಹಾಗೇ ಮಿಕ್ಕಿದೆ ಕಣೇ. ಒಬ್ಬಳಿಗೆ ಎಷ್ಟು ಬೇಕು? ಫ್ರಿಜ್ಜಲ್ಲಿ ಎಷ್ಟು ದಿನ ಇಡಬಹುದು?"

ಬೇರೆ ಡಬ್ಬಿಗೆ ಸುರಿದು, ಮುಚ್ಚಳ ಹಾಕಿಡು ಅಂದೆ.