ಕುಂಕುಮ ಕಲಸಿದ ಹಾಲು

1995ರ ಸೆಪ್ಟೆಂಬರ್ 21, ಗುರುವಾರ. ಗಣೇಶ ಹಾಲು ಕುಡಿಯುತ್ತಿದ್ದಾನೆ ಎಂಬ ಸುದ್ದಿ ದೇಶವೆಲ್ಲ ಸುತ್ತಿ ಬಸವನಗುಡಿಗೂ ಬಂತು. ನಮ್ಮ ಬೀದಿಯ ಅಂಗಡಿಯಲ್ಲಿ ಸಂಜೆಗೆ ಒಂದು ಪ್ಯಾಕೆಟ್ ಹಾಲೂ ಉಳಿದಿರಲಿಲ್ಲ.

ನಾನಾಗ ಎರಡನೇ ಬಿ.ಎಸ್ಸಿ., ಹೊಸ ನಾಸ್ತಿಕ. ಎಚ್. ನರಸಿಂಹಯ್ಯನವರು 1976ರಲ್ಲಿ, ಬೆಂಗಳೂರು ವಿ.ವಿ.ಯ ಕುಲಪತಿಯಾಗಿದ್ದಾಗಲೇ, ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದ ಕಥೆ ಕೇಳಿ ತಲೆ ತಿರುಗಿತ್ತು. ರಾತ್ರಿ ಅಮ್ಮನ ಹಿತ್ತಾಳೆ ಗಣಪನನ್ನು ಅಡುಗೆಮನೆಗೆ ತಂದು ಹಾಲಿಗೆ ಚಿಟಿಕೆ ಕುಂಕುಮ ಕಲಸಿದೆ. ಚಮಚ ಸೊಂಡಿಲಿಗೆ ತಾಗಿದ್ದೇ ತಡ, ಹಾಲು ಇಳಿಯಿತು. ಬಗ್ಗಿ ನೋಡಿದರೆ ಸೊಂಡಿಲಿನಿಂದ ಹೊಟ್ಟೆಯ ಮೇಲೆ ಕೂದಲೆಳೆಯಷ್ಟು ಗುಲಾಬಿ ಗೆರೆ, ಪಾದದ ಬಳಿ ಪುಟ್ಟ ಮಡು. ಮೇಲ್ಮೈ ಎಳೆತ, ಅಷ್ಟೇ. ಬಿಳಿ ಹಾಲಾಗಿದ್ದರೆ ಕಾಣುತ್ತಲೇ ಇರಲಿಲ್ಲ. ಅಮ್ಮ ಬೈದದ್ದು ಮಾತ್ರ ಕುಂಕುಮ ದಂಡವಾಯಿತೆಂದು.

ಮುಂದಿನ ವಾರ ಚರ್ಚಾಸ್ಪರ್ಧೆ: 'ಮನುಷ್ಯನಿಗೆ ದೇವರ ನಂಬಿಕೆ ಬೇಕು'. ನಾನು ವಿರೋಧ. ಚಮಚ, ಗಣಪ, ಕುಂಕುಮ ಎಲ್ಲ ಒಯ್ದು ವೇದಿಕೆಯಲ್ಲೇ ತೋರಿಸಿದೆ. ಶಿಳ್ಳೆಯೋ ಶಿಳ್ಳೆ. ಪರವಾಗಿ ಎದ್ದವನು ನನ್ನ ಬೆಂಚಿನ ಗೆಳೆಯ, ಧಾರವಾಡದ ಕಡೆಯವನು. ಒಂದೇ ಮಾತು ಕೇಳಿದ: "ದೇಹವೇ ದೇಗುಲ ಅಂದ ಬಸವಣ್ಣಗ ನಿನ್ನ ಚಮಚ ಏನ್ ಮಾಡತೈತೋ?"

ನನ್ನ ಬಾಯಿ ಕಟ್ಟಿತು. ಬಹುಮಾನ ಅವನಿಗೆ.

ತೀರ್ಪುಗಾರರಾಗಿದ್ದ ಭೌತಶಾಸ್ತ್ರದ ಮೇಷ್ಟ್ರು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದರು. "ಪವಾಡ ಸುಳ್ಳು ಅಂತ ತೋರಿಸಿದೆ, ದೇವರಿಲ್ಲ ಅಂತ ಅಲ್ಲ. ಅದನ್ನ ತೋರಿಸೋ ಹೊಣೆ ನಿಂದಲ್ಲ, ಇದ್ದಾನೆ ಅಂತ ತೋರಿಸೋ ಹೊಣೆ ಹಾಗನ್ನೋರದ್ದು. ಅಷ್ಟಾದ್ರೂ ಹೇಳಬಾರದಿತ್ತೇನಯ್ಯಾ?"

ಹೇಳಬೇಕಾದ್ದು ಇನ್ನೊಂದಿತ್ತು. ಎಂದಿನಂತೆ ಬಸ್ಸಿನಲ್ಲಿ ಹೊಳೆಯಿತು. ಎರಡು ವರ್ಷದ ಹಿಂದೆ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಲಾತೂರಿನ ಭೂಕಂಪ. ಹಿಂದಿನ ರಾತ್ರಿಯಷ್ಟೇ ಗಣೇಶನನ್ನು ಬಿಟ್ಟು ಬಂದು ಮಲಗಿದ್ದವರ ಮೇಲೆ ಕಲ್ಲುಗೋಡೆಗಳು ಬಿದ್ದವು. ಸತ್ತವರು ಹತ್ತಿರಹತ್ತಿರ 10,000. ದೇಹದ ದೇಗುಲದಲ್ಲಿದ್ದವನು ಆಗೇನು ಮಾಡುತ್ತಿದ್ದ? ನನ್ನ ನಾಸ್ತಿಕತೆ ನಿಂತಿರುವುದು ಈಗಲೂ ಆ ಪ್ರಶ್ನೆಯ ಮೇಲೆ, ಚಮಚದ ಮೇಲಲ್ಲ.

ಆ ಕಾರ್ತಿಕದ ಕಡಲೆಕಾಯಿ ಪರಿಷೆಯಲ್ಲಿ ಆ ಗೆಳೆಯನನ್ನು ಕೇಳಿಯೇಬಿಟ್ಟೆ. ಬಹಳ ಹೊತ್ತು ಕಾಯಿ ಬಿಡಿಸುತ್ತಾ ನಿಂತ. "ಇದಕ್ಕ ನನ್ನ ಹತ್ರಾನೂ ಉತ್ತರ ಇಲ್ಲಪಾ" ಎಂದ. ಆಮೇಲೆ ಕಡಲೆಕಾಯಿ ಪೊಟ್ಟಣ ನನ್ನ ಕೈಗಿತ್ತು, ಚಪ್ಪಲಿ ನನ್ನ ಕಾಲ ಬಳಿ ಬಿಟ್ಟು, ದೊಡ್ಡ ಗಣಪತಿ ಗುಡಿಯೊಳಗೆ ಹೋದ. ಈಗಲೂ ಪರಿಷೆಗೆ ಒಟ್ಟಿಗೇ ಹೋಗುತ್ತೇವೆ. ಚಪ್ಪಲಿ ಕಾಯುವುದು ನಾನೇ.